ಹೊಸ ಮದುವೆಗೆ ಹಳೆಯ ಅರಿವೆ

ಮದುವೆಯ ಮನೆಗೂ ಹಳೆಯ ಅರಿವೆಗೂ ಎಣ್ಣೆ ಸೀಗೆಯ ಸಂಬಂಧ. ಗೋಡೆಗೆ ಹೊಸ ಸುಣ್ಣ, ಹೊಸ್ತಿಲಿಗೆ ಹೊಸ ಕೆಮ್ಮಣ್ಣು, ಬಾಗಿಲಿಗೆ ಅಂದೇ ಕೊಯ್ದು ತಂದ ಮಾವಿನೆಲೆ, ಬಂದವರ ಮೈಮೇಲೆ ಮಡಿಕೆಯ ಗೆರೆ ಇನ್ನೂ ಮಾಸದ ಸೀರೆ ಧೋತರಗಳು: ಹೀಗೆ ಕಣ್ಣಿಗೆ ಬೀಳುವುದೆಲ್ಲವೂ ಅಂದಿನದೇ ಆಗಿರಬೇಕೆಂಬ ಹಟ ಆ ಮನೆಗೆ. ಈ ಹಟಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ವಧುವಿಗೆ ಉಡಿಸತಕ್ಕ ವಸ್ತ್ರವು ‘ಅಹತ’ವಾಗಿರಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವೆ. ಅಹತವೆಂದರೆ ಪೆಟ್ಟು ತಿನ್ನದ್ದು, ಎಂದರೆ ಮಗ್ಗದಿಂದ ಇಳಿದ ಮೇಲೆ ಒಗೆಯುವ ಕಲ್ಲಿನ ಮುಖವನ್ನು ಇನ್ನೂ ಕಾಣದ ಬಟ್ಟೆ. ಹೀಗಿದ್ದೂ, ನೂರಾರು ಸಲ ಕಲ್ಲಿಗೆ ಬಡಿಸಿಕೊಂಡು, ನೂರಾರು ಬಿಸಿಲು ಉಂಡು, ಅಂಚು ಸವೆದು, ಬಣ್ಣ ಇಳಿದು, ಉಟ್ಟವರ ಮೈಗೆ ಮೈಯೇ ಆಗಿ ಹೋದ, ಸರ್ವಾಂಶದಲ್ಲಿಯೂ ‘ಹತ’ವಾದ ವಸ್ತುವೊಂದು ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಮಗಳ ಪೆಟ್ಟಿಗೆಯ ತಳದಲ್ಲಿ ಸ್ಥಾನ ಪಡೆದು, ಪಟ್ಟೆ ಪೀತಾಂಬರಗಳನ್ನು ತನ್ನ ಬೆನ್ನಿನ ಮೇಲೆ ಹೊತ್ತುಕೊಂಡು, ಗಂಡನ ಮನೆಗೆ ಹೊರಡುತ್ತದೆ. ಅದರ ಹೆಸರು ಕೌದಿ.

ಕಳೆದ ವರ್ಷ ಧಾರವಾಡದಲ್ಲಿ ನನ್ನ ತಂಗಿಯ ಮಗಳ ಮದುವೆ ನಿಶ್ಚಯವಾದಾಗ, ಸೋದರಮಾವನೆಂಬ ಪದವಿಯಿಂದ ನನಗೆ ಪ್ರಾಪ್ತವಾದ ಕರ್ತವ್ಯಗಳಲ್ಲಿ ಮೊದಲನೆಯದು ಅಟ್ಟ ಹತ್ತುವುದಾಗಿತ್ತು. ಅಲ್ಲಿ ಒಂದು ತಗಡಿನ ಟ್ರಂಕು. ಟ್ರಂಕಿನೊಳಗೆ ಬೇವಿನೆಲೆಯ ಒಣಗಿದ ಪುಡಿಯ ನಡುವೆ ಒಂದು ಗಂಟು. ಕೆಳಗಿಳಿಸಿ ಪಡಸಾಲೆಯಲ್ಲಿ ಬಿಚ್ಚಿದಾಗ ಅದರಿಂದ ಹೊರಬಂದವು: ನಮ್ಮ ಅವ್ವನ ಇಳಕಲ್ಲಿನ ಹತ್ತಿಯ ಸೀರೆಗಳು ಮೂರು, ಅಪ್ಪನ ಧೋತರಗಳು ಎರಡು, ಹುಡುಗಿಯ ಶಾಲೆಯ ನೀಲಿ ಲಂಗ, ಖಣದ ಕುಬಸಗಳ ಹೊಲಿಗೆಯಲ್ಲಿ ಉಳಿದ ಚೂರುಗಳ ಒಂದು ಪುಟ್ಟ ಚೀಲ, ಮತ್ತು, ಹನ್ನೆರಡು ವರ್ಷಗಳಿಂದ ಕಳುವಾಯಿತೆಂದು ನಾನು ನಂಬಿಕೊಂಡು ಬಂದಿದ್ದ ನನ್ನದೇ ಒಂದು ಚೌಕಳಿ ಅಂಗಿ. ನಾನು ಅಂಗಿಯನ್ನು ಎತ್ತಿ ಹಿಡಿದು ತಂಗಿಯ ಮುಖ ನೋಡಿದೆ. ಅವಳು ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ, “ಅಣ್ಣಾ, ಅವ್ವ ಇದ್ದಿದ್ರ ತಾನ ಹೊಲೀತಿದ್ಲು. ಈಗ ಅಕಿ ಸೀರೀನರ ಹುಡುಗಿ ಜೋಡಿ ಹೋಗ್ಲಿ” ಎಂದಳು.

ತೇಪೆಯ ಬಟ್ಟೆ ನಮ್ಮ ದೇಶದಲ್ಲಿ ಮೊದಲು ಸಂಸಾರಿಗಳ ಸೊತ್ತಾಗಿ ಹೆಸರು ಪಡೆದುದಲ್ಲ. ಸಂಸ್ಕೃತದ ಕಂಥೆಯು ಸಂನ್ಯಾಸಿಯ ಹೊದಿಕೆ. ಎಸೆದ ಚಿಂದಿಗಳನ್ನು ಆಯ್ದು ಹೊಲಿದುಕೊಂಡವನಿಗೆ ಇನ್ನು ಯಾವುದರ ಆಸೆಯೂ ಉಳಿದಿಲ್ಲವೆಂಬುದರ ಬಹಿರಂಗ ಸಾಕ್ಷಿ. ಬೌದ್ಧ ಭಿಕ್ಷುಗಳ ಚೀವರವೂ ತುಂಡುಗಳನ್ನು ಕೂಡಿಸಿ ಹೊಲಿದದ್ದೇ. ಮಗಧದೇಶದ ಬತ್ತದ ಗದ್ದೆಗಳು ಬದುಗಳಿಂದ ವಿಭಾಗಗೊಂಡಿರುವ ಅಂದವನ್ನು ತೋರಿಸಿ, ಅದರಂತೆ ಚೀವರವನ್ನು ಹೊಲಿಸಬಹುದೇ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕ ಹೇಳುತ್ತದೆ. ನಮ್ಮ ಹಳೆಯ ಕನ್ನಡದಲ್ಲಿ ಇದೇ ಅರ್ಥಕ್ಕೆ ಬೊಂತೆಯೆಂಬ ಚೆಲುವಾದ ಮಾತಿದೆ. ಕಲ್ಯಾಣದ ಶರಣೆಯರಲ್ಲಿ ಬೊಂತಾದೇವಿಗೆ ಆ ಹೆಸರು ಬಂದುದು ಅವಳು ಹೊದ್ದ ಬೊಂತೆಯಿಂದ ಎಂಬುದು ಐತಿಹ್ಯ. ಎಲ್ಲವನ್ನೂ ಬಿಟ್ಟು ಹೋದವರ ಈ ಹೊದಿಕೆ, ಎಲ್ಲವನ್ನೂ ಕಟ್ಟಿಕೊಳ್ಳಲು ಹೊರಟ ನವವಧುವಿನ ಪೆಟ್ಟಿಗೆಗೆ ಯಾವಾಗ, ಹೇಗೆ ಬಂದಿತೆಂಬುದು ನನ್ನನ್ನು ಬಹು ದಿನಗಳಿಂದ ಕಾಡಿದ ಪ್ರಶ್ನೆ. ಅದಕ್ಕೆ ನನಗೆ ಸಿಕ್ಕ ಉತ್ತರ ಗ್ರಂಥಗಳಿಂದ ಬಂದುದಲ್ಲ. ಕೌದಿ ಹೊಲಿಯುವ ಕ್ರಮವನ್ನು ಹನ್ನೆರಡು ದಿನ ಕುಳಿತು ನೋಡಿದುದರಿಂದ ಬಂದುದು. ಆದಕಾರಣ ಆ ಕ್ರಮವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಬಟ್ಟೆಯ ವಿಚಾರ. ಕೌದಿಗೆ ಹಳೆಯ ಹತ್ತಿಯೇ ಆಗಬೇಕೆನ್ನುವುದು ಬಡತನದ ನಿರ್ಬಂಧವೆಂದು ಭಾವಿಸುವವರುಂಟು. ಅದು ಅರ್ಧ ಸತ್ಯ ಮಾತ್ರ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೂಲು ಬಿಗಿಯಾಗಿರುತ್ತದೆ. ಅಂಥದ್ದನ್ನು ನಾಲ್ಕೈದು ಪದರು ಪೇರಿಸಿದರೆ ಸೂಜಿ ಮುನ್ನಡೆಯುವುದಿಲ್ಲ, ಬೆರಳು ಬೊಬ್ಬೆಯೇಳುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕೆಂದರೆ, ಹೊಸ ಹತ್ತಿ ನೀರು ಕಂಡ ಕೂಡಲೇ ಕುಗ್ಗುತ್ತದೆ. ಒಂದೊಂದು ಬಟ್ಟೆಯೂ ತನ್ನ ತನ್ನ ಪ್ರಮಾಣದಲ್ಲಿ ಕುಗ್ಗುವುದರಿಂದ ಒಂದು ಪದರು ಇನ್ನೊಂದನ್ನು ಎಳೆದು, ಇಡಿಯ ಹೊದಿಕೆ ಸೊಟ್ಟಗಾಗಿ ನಿಲ್ಲುತ್ತದೆ. ಇಪ್ಪತ್ತು ವರ್ಷ ಉಟ್ಟು ಒಗೆದ ಸೀರೆಯಾದರೋ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುತ್ತದೆ, ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟು ಮುಗಿಸಿರುತ್ತದೆ. ಅದರ ಸ್ವಭಾವದಲ್ಲಿ ಇನ್ನು ಯಾವ ಅನಿರೀಕ್ಷಿತವೂ ಉಳಿದಿರುವುದಿಲ್ಲ. (ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಹೇಳಲು ಬರುವಂತಿದ್ದರೆ ವರಾನ್ವೇಷಣೆಯ ಕಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು.) ನೈಲಾನು, ಪಾಲಿಯೆಸ್ಟರು ಇವು ಕೌದಿಗೆ ಸಲ್ಲವು, ಪದರುಗಳ ನಡುವೆ ಜಾರಿಕೊಳ್ಳುತ್ತವೆ, ಬೆವರನ್ನು ಹೀರುವುದಿಲ್ಲ.

ಪ್ರಮಾಣದ ಲೆಕ್ಕ ಹೀಗಿದೆ. ಇಬ್ಬರು ಹೊದೆಯತಕ್ಕ ಕೌದಿ ಏಳು ಅಡಿ ಉದ್ದ, ಐದು ಅಡಿ ಅಗಲ ಇದ್ದರೆ ಸಾಕು. ಅಡಿಯ ಪದರಿಗೆ ಗಟ್ಟಿಯಾದ ಒಂದು ಸೀರೆ, ಅದರ ಮೇಲೆ ಒಳಪದರುಗಳಾಗಿ ಎರಡೋ ಮೂರೋ ಮೆತ್ತನೆಯ ಬಟ್ಟೆ, ಎಲ್ಲಕ್ಕೂ ಮೇಲೆ ತೇಪೆಗಳ ಮುಖ. ಹಿಂದಿನವರು ಉಡುತ್ತಿದ್ದ 18 ಮೊಳದ ಸೀರೆಗಳು ಎರಡು ಮೂರು ದೊರೆತರೆ ಕೌದಿಯ ಶರೀರ ಸಿದ್ಧವಾದಂತೆ. ಇಂದಿನ ಆರು ಗಜದ ಸೀರೆಗಳಾದರೆ ಒಂದೆರಡು ಹೆಚ್ಚು ಬೇಕಾಗುತ್ತವೆ.

ಹೊಲಿಯಲು ಬಂದವಳು ಗೊಂಧಳಿಗರ ಮನೆಯ ಒಬ್ಬ ವೃದ್ಧೆ. ದೇವಿಯ ಗೊಂಧಳ ಹಾಕುವ ಈ ಜನಾಂಗದ ಹೆಣ್ಣುಮಕ್ಕಳು ನಮ್ಮ ಕಡೆ ಕೌದಿಯ ಹೊಲಿಗೆಗೆ ಹೆಸರಾದವರು; ಸುಗ್ಗಿ ಮುಗಿದು ಮಳೆ ಹಿಡಿಯುವುದರೊಳಗಿನ ಬೇಸಗೆಯೇ ಅವರ ಕೆಲಸದ ಕಾಲ. ನೆಲ ಒಣಗಿರಬೇಕು, ಹಗಲು ದೀರ್ಘವಾಗಿರಬೇಕು, ಮನೆಯವರಿಗೆ ಹೊಲದ ಗದ್ದಲ ಇರಬಾರದು. ಆಕೆ ಪಡಸಾಲೆಯ ಕಸ ತಾನೇ ಇನ್ನೊಮ್ಮೆ ಗುಡಿಸಿ, ಅಡಿಯ ಸೀರೆಯನ್ನು ಹಾಸಿ, ನಾಲ್ಕು ಮೂಲೆಗೂ ನಮ್ಮ ಮನೆಯ ತಾಮ್ರದ ತಂಬಿಗೆಗಳನ್ನು ನೀರು ತುಂಬಿಸಿ ಹೇರಿದಳು. ಮೇಲಿನ ಪದರುಗಳನ್ನು ಒಂದೊಂದಾಗಿ ಹರಡಿ, ಮಂಡಿಯೂರಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಹೋದಳು. ರೋಗಿಯ ಬೆನ್ನು ಸವರುವವರ ಕೈ ಅಷ್ಟು ಮೆಲ್ಲಗೆ, ಅಷ್ಟು ಗಮನದಿಂದ ಚಲಿಸೀತು. ಗಾಳಿಯ ಒಂದು ಗುಳ್ಳೆಯೂ ಒಳಗೆ ಉಳಿಯಬಾರದು. ಆಮೇಲೆ ಗೇಣುದ್ದದ ದೊಡ್ಡ ದೊಡ್ಡ ಹೊಲಿಗೆಗಳಿಂದ, ದರ್ಜಿಗಳು ಕಚ್ಚಾ ಎನ್ನುವರಲ್ಲ, ಅದರಿಂದ, ಪದರುಗಳನ್ನು ಒಂದಕ್ಕೊಂದು ತಾತ್ಕಾಲಿಕವಾಗಿ ಬಂಧಿಸಿದಳು. ಈ ಕಚ್ಚಾ ಹೊಲಿಗೆ ಕೆಲಸ ಮುಗಿದ ಮೇಲೆ ಕಿತ್ತು ಹೋಗತಕ್ಕದ್ದು. ಆದರೆ ಅದರಲ್ಲಿ ಅಲಕ್ಷ್ಯ ಮಾಡಿದವರ ಕೌದಿ ನಡುವೆ ಗಂಟುಗಟ್ಟದೆ ಬಿಡುವುದಿಲ್ಲ.

ಅದೇಕೆಂದರೆ ಕೌದಿಯ ಹೊಲಿಗೆ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಮೊದಲು ಅಂಚನ್ನು ಒಳಕ್ಕೆ ಮಡಚಿ ಸುತ್ತಲೂ ಒಂದು ಸಾಲು. ಅದರ ಒಳಗೆ ಅರ್ಧ ಅಂಗುಲ ಬಿಟ್ಟು ಎರಡನೆಯ ಸಾಲು. ಹೀಗೆಯೇ ಸುತ್ತುತ್ತ ಸುತ್ತುತ್ತ, ದೇವಸ್ಥಾನದ ಹೊರ ಪ್ರಾಕಾರದಿಂದ ಗರ್ಭಗುಡಿಗೆ ಪ್ರದಕ್ಷಿಣೆಯಲ್ಲಿ ಸರಿಯುವಂತೆ, ನಡುವನ್ನು ಮುಟ್ಟುವುದು. ಹೊಲಿಗೆಯೇನೋ ಅತ್ಯಂತ ಸರಳ. ಸೂಜಿ ಒಮ್ಮೆ ಮುಳುಗಿ ಒಮ್ಮೆ ಏಳುತ್ತದೆ, ಅಷ್ಟೆ. ಮಗುವಿಗೂ ಬರುವ ಹೊಲಿಗೆ. ಆದರೆ ಮಗುವಿಗೆ ಬಾರದ್ದು ಅದರ ಸಂಖ್ಯೆ. ನಾನು ಒಂದು ಮಧ್ಯಾಹ್ನ ಕಾಗದ ಹಿಡಿದು ಲೆಕ್ಕ ಹಾಕಿದೆ. ಏಳಡಿಗೆ ಐದಡಿಯ ಕ್ಷೇತ್ರದಲ್ಲಿ ಅರ್ಧ ಅಂಗುಲಕ್ಕೊಂದರಂತೆ ಸಾಲುಗಳು ಸುತ್ತಿದರೆ ಒಟ್ಟು ಉದ್ದ 840 ಅಡಿ, ಎಂದರೆ 250 ಮೀಟರಿಗೂ ಮೇಲು. ಅಂಗುಲಕ್ಕೆ ಮೂರು ಹೊಲಿಗೆಯಂತೆ ಹಿಡಿದರೆ ಮೂವತ್ತು ಸಾವಿರ ಸಲ ಸೂಜಿ ಮುಳುಗಿ ಏಳಬೇಕು. ಈ ಅಂಕಿಯನ್ನು ನಾನು ಅಭಿಮಾನದಿಂದ ಓದಿ ಹೇಳಿದಾಗ ಆಕೆ ತಲೆಯೆತ್ತದೆ, “ಎಣಿಸಿದ್ರ ಕೈ ನೊಯ್ತಾವ್ರೀ ಅಣ್ಣಾರ, ಎಣಿಸಬ್ಯಾಡ್ರಿ” ಎಂದಳು. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಇದನ್ನೇ ಯಂತ್ರದಲ್ಲಿ ಒಂದು ದಿನಕ್ಕೆ ಮುಗಿಸಬಹುದಲ್ಲವೆ ಎಂದರೆ, ಮುಗಿಸಬಹುದು. ಪೇಟೆಯಲ್ಲಿ ಅಂಥವು ಸಿಗುತ್ತವೆ. ಹೊಲಿಗೆಯ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಯಂತ್ರಮೋಹವನ್ನು ಅಷ್ಟು ವಿರೋಧಿಸಿದ ಗಾಂಧೀಜಿಯವರೇ 1924ರಲ್ಲಿ ನಡೆದ ಒಂದು ಸಂವಾದದಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟು, ಅದರ ಹುಟ್ಟಿನ ಹಿಂದೆ ಹೆಂಡತಿಯ ಶ್ರಮವನ್ನು ನೋಡಲಾರದ ಪ್ರೀತಿಯಿತ್ತೆಂದು ಮೆಚ್ಚಿ ನುಡಿದಿದ್ದರು. ಆದರೆ ಯಂತ್ರ ಮೇಲೊಂದು ಕೆಳಗೊಂದು ಎರಡು ದಾರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬಿಗಿಯುತ್ತದೆ. ರಂಧ್ರಗಳು ಒತ್ತೊತ್ತಾಗಿ ಬೀಳುತ್ತವೆ. ಸವೆದ ಬಟ್ಟೆ ಆ ರಂಧ್ರಗಳ ಗೆರೆಯ ಗುಂಟ ಅಂಚೆಚೀಟಿಯ ಹಾಳೆಯಂತೆ ಹರಿಯುತ್ತದೆ. ಕೈಹೊಲಿಗೆಯಲ್ಲಿ ಒಂದೇ ದಾರ, ಅದೂ ಸ್ವಲ್ಪ ಸಡಿಲು. ಬಟ್ಟೆಗೆ ಉಸಿರಾಡಲು, ಹೊರಳಲು ಆಸ್ಪದವಿರುತ್ತದೆ. ಎಲ್ಲಿಯೋ ಹರಿದರೆ ಅಷ್ಟು ಸಾಲನ್ನು ಎಳೆದು ತೆಗೆದು, ಹೊಸ ತೇಪೆ ಹಚ್ಚಿ, ಮತ್ತೆ ಹೊಲಿಯಬಹುದು. ಹತ್ತಿಪ್ಪತ್ತು ವರ್ಷಗಳ ಮೇಲೆ ಇಡಿಯ ಹಳೆಯ ಕೌದಿಯೇ ಹೊಸದೊಂದರ ಹೊಟ್ಟೆಯೊಳಗಿನ ಪದರಾಗಿ ಸೇರಿ ಹೋಗುವುದೂ ಉಂಟು.

ಮುಖದ ತೇಪೆಗಳನ್ನು ಜೋಡಿಸುವುದರಲ್ಲಿ ಮಾತ್ರ ಆಕೆ ನಮ್ಮ ಅಭಿಪ್ರಾಯ ಕೇಳುತ್ತಿದ್ದಳು. ಕೇಳಿ, ತನಗೆ ತೋಚಿದಂತೆಯೇ ಮಾಡುತ್ತಿದ್ದಳು. ನಡುವೆ ಅವ್ವನ ಸೀರೆಯ ಚೌಕ. ಅದರ ಸುತ್ತ ಅಪ್ಪನ ಧೋತರದ ಬಿಳಿಯ ಪಟ್ಟಿ. ಆಚೆಗೆ ನನ್ನ ಚೌಕಳಿ ಅಂಗಿ, ಹುಡುಗಿಯ ನೀಲಿ ಲಂಗ, ಗುಳೇದಗುಡ್ಡದ ಖಣದ ತ್ರಿಕೋಣಗಳು. ಶಾಲೆಯ ಲಂಗಕ್ಕೆ ಒಂದು ಜೇಬಿತ್ತು, ಜೇಬಿನ ಮೂಲೆಯಲ್ಲಿ ಮಸಿಯ ಕಲೆ. ತಂಗಿ ಆ ಭಾಗವನ್ನು ಕತ್ತರಿಸಿ ತೆಗೆಯಲು ಹೇಳಿದಳು. ವೃದ್ಧೆ ಜೇಬನ್ನು ಕಲೆಯ ಸಮೇತ ಹಾಗೆಯೇ ಉಳಿಸಿ, ಅದರ ಬಾಯಿ ಮುಚ್ಚದಂತೆ ಸುತ್ತ ಹೊಲಿದು, ಕೌದಿಯ ತಲೆದೆಸೆಗೆ ಬರುವಂತೆ ಕೂಡಿಸಿದಳು. ರಾತ್ರಿ ಕನ್ನಡಕ ಇಡಲು ಅದಕ್ಕಿಂತ ಅನುಕೂಲವಾದ ಸ್ಥಳವನ್ನು ನಾನು ಕಾಣೆ.

ಇಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋಗಿ ಬರಬೇಕು. ಧಾರವಾಡದಿಂದ ಕಾಡಿನ ಸೀಮೆ ಆರಂಭವಾಗುವ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಡೆ ವಾಸಿಸುವ ಸಿದ್ದಿ ಜನರು, ಶತಮಾನಗಳ ಹಿಂದೆ ಆಫ್ರಿಕೆಯಿಂದ ಕಡಲು ದಾಟಿ ಬಂದು, ಬಹುಮಟ್ಟಿಗೆ ಗೋವೆಯ ಪೋರ್ಚುಗೀಸರ ದಾಸ್ಯದಿಂದ ಬಿಡಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ. ಅವರ ಹೆಂಗಸರು ಹೊಲಿಯುವ ಕವಂದಿ ನಮ್ಮ ಕೌದಿಯ ಒಡಹುಟ್ಟು. ಅವರೂ ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಆದರೆ ತೇಪೆಗಳನ್ನು ಮೊದಲೇ ಕತ್ತರಿಸಿ ಹೊಂದಿಸಿಕೊಳ್ಳದೆ, ಹೊಲಿಯುತ್ತ ಹೊಲಿಯುತ್ತ ಕೈಗೆ ಬಂದ ತುಂಡನ್ನು ಕಣ್ಣಿಗೆ ಒಪ್ಪಿದಲ್ಲಿ ಸೇರಿಸುತ್ತ ಹೋಗುವುದರಿಂದ ಅವರ ಬಣ್ಣಗಳಲ್ಲಿ ನಮ್ಮಲ್ಲಿಲ್ಲದ ಒಂದು ಧೈರ್ಯವಿದೆ. ಕೊನೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋಣವಾಗಿ ಮಡಚಿ ‘ಫೂಲ’ಗಳನ್ನು, ಎಂದರೆ ಹೂಗಳನ್ನು, ಹಚ್ಚುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಕವಂದಿ ಎಂದು ಅವರ ಭಾವನೆ. ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಕುರಿತು ಬರೆದು, ತಮ್ಮ ದೇಶದಲ್ಲಿ ಪ್ರದರ್ಶನಗಳನ್ನು ಏರ್ಪಡಿಸಿದ ಮೇಲೆ, ಅವು ಹೊದಿಕೆಯ ಪಂಕ್ತಿಯಿಂದ ಕಲೆಯ ಪಂಕ್ತಿಗೆ ಏರಿವೆ. ಹಳಿಯಾಳ ಧಾರವಾಡದಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಕವಂದಿಯ ವಿಚಾರ ನಮಗೆ ಅಮೆರಿಕೆಯನ್ನು ಸುತ್ತಿಕೊಂಡು ಬಂದು ತಿಳಿದುದನ್ನು ನೆನೆದರೆ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಹನ್ನೆರಡನೆಯ ದಿನ ಹೊಲಿಗೆ ನಡುವನ್ನು ಮುಟ್ಟಲು ಬಂದಿತು. ಒಂದು ಅಂಗೈ ಅಗಲದಷ್ಟು ಜಾಗ ಉಳಿದಾಗ ವೃದ್ಧೆ ಸೂಜಿಯನ್ನು ಸೆರಗಿಗೆ ಚುಚ್ಚಿ, ಒಂದು ಚೂರು ಕಟಕ ರೊಟ್ಟಿ ಬೇಡಿದಳು. ತಿನ್ನಲು ಬೇಡಿದಳೆಂದು ತಿಳಿದು ತಂಗಿ ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಆಕೆ ನಕ್ಕು, ರೊಟ್ಟಿಯಿಂದ ಉಗುರಿನಷ್ಟು ಮುರಿದು, ಅದಕ್ಕೆ ನಾಲ್ಕು ಜೋಳದ ಕಾಳು ಸೇರಿಸಿ, ತೇಪೆಯ ಸೀಳಿನಿಂದ ಒಳಕ್ಕೆ ಸರಿಸಿದಳು. “ಹೊಟ್ಟಿ ಖಾಲಿ ಇಟ್ಟು ಕಳಸಬಾರದ್ರೀ ಅಕ್ಕಾರ. ಹೆಣ್ಣಮಗಳು ಹಸದ ಹೋಗ್ತಾಳೇನು? ಇದೂ ಹಂಗ.” ಆ ಮೇಲೆ ಸೀಳನ್ನು ಮುಚ್ಚಿದಳು.

ನನ್ನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತೆಂದು ನನಗೆ ಅನ್ನಿಸಿತು. ಸಂನ್ಯಾಸಿಯ ಕಂಥೆಗೆ ಯಾರ ಬಟ್ಟೆಯಾದರೂ ಸರಿ. ಅದು ಯಾರದೆಂಬುದು ತಿಳಿಯದಿದ್ದಷ್ಟೂ ಒಳ್ಳೆಯದು, ಏಕೆಂದರೆ ಅದರ ಉದ್ದೇಶವೇ ಸಂಬಂಧಗಳನ್ನು ಅಳಿಸುವುದು. ಕೌದಿಯಲ್ಲಾದರೋ ಯಾರದೆಂದು ತಿಳಿಯದ ಒಂದು ತೇಪೆಯೂ ಇರುವಂತಿಲ್ಲ. ಅದೇ ಸೂಜಿ, ಅದೇ ಚಿಂದಿ, ಆಯ್ಕೆಯೊಂದೇ ಬೇರೆ. ಹೊಸ ವಸ್ತ್ರ ಎಷ್ಟು ಬೆಲೆಯದಾದರೂ ಅಂಗಡಿಯಿಂದ ಬಂದುದು, ಅದಕ್ಕೆ ಈ ಮನೆಯ ಪರಿಚಯವಿಲ್ಲ. ಕೌದಿಗೆ ಮನೆಯವರೆಲ್ಲರ ಪರಿಚಯವಿದೆ. ಆದಕಾರಣವೇ ಎಲ್ಲವೂ ಹೊಸದಾಗಿರಬೇಕೆಂಬ ಮದುವೆಯ ವಿಧಿ ಇದೊಂದರ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿದೆ.

ಇಷ್ಟು ಗಂಭೀರವಾಗಿ ಆಲೋಚಿಸಿದವನಿಂದಲೇ ಅನರ್ಥವೂ ಆಯಿತು. ಹೊಲಿಗೆ ಅರ್ಧಕ್ಕೆ ಬಂದಿದ್ದಾಗ, ತಂಗಿಯ ಸ್ವಂತ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒಂದು ಪಟ್ಟಿ ತೆಗೆದು ನಡುವಿನ ಚೌಕಕ್ಕೆ ಅಂಚು ಕಟ್ಟಬೇಕೆಂದು ನಾನು ಹಟ ಹಿಡಿದೆ. ತಾಯಿಯ ಮದುವೆಯ ಸೀರೆ ಮಗಳ ಮದುವೆಯ ಕೌದಿಯಲ್ಲಿರಬೇಕೆಂಬುದು ಕೇಳಲು ಎಷ್ಟು ಸೊಗಸು! ಆದರೆ ಆ ಸೀರೆ ಇಪ್ಪತ್ತೆಂಟು ವರ್ಷ ಹಳೆಯದಾದರೂ ಉಟ್ಟದ್ದು ನಾಲ್ಕೋ ಐದೋ ಸಲ. ನೀರು ಕಂಡದ್ದು ಅದಕ್ಕೂ ಕಡಿಮೆ. ವಯಸ್ಸಿನಲ್ಲಿ ಹಳೆಯದು, ಅನುಭವದಲ್ಲಿ ಹೊಸದು. ವೃದ್ಧೆ ಸೆರಗನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ಇದು ಇನ್ನೂ ಬಾಣಂತನಾ ಕಂಡಿಲ್ರೀ” ಎಂದು ಅನುಮಾನಿಸಿದಳು. ನಾನು ಒಪ್ಪಿಸಿದೆ. ಕೌದಿ ಮುಗಿದು, ಮೊದಲ ಸಲ ಒಗೆದು, ಅಂಗಳದ ಹಗ್ಗದ ಮೇಲೆ ಹರವಿದಾಗ ಅಪ್ಪನ ಬಿಳಿಯ ಧೋತರದ ಮೇಲೆ ಕೆಂಪು ಇಳಿದು, ಅಂಗೈಯಷ್ಟಗಲ ನಸುಗೆಂಪಿನ ಮೋಡದಂತೆ ಹಬ್ಬಿತ್ತು. ತಂಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ವೃದ್ಧೆಗೆ ಹೇಳಿ ಕಳುಹಿಸಿದೆವು. ಆಕೆ ಬಂದು ನೋಡಿ, “ಕುಂಕುಮ ಬಿದ್ದಂಗಾತು, ಬಿಡ್ರಿ” ಎಂದು ಹೊರಟುಹೋದಳು. ಕೂಲಿಯನ್ನು ಮೊದಲೇ ಪಡೆದಿದ್ದಳು.

ಓದುಗರಲ್ಲಿ ಯಾರಾದರೂ ಈ ಕಾರ್ಯಕ್ಕೆ ಕೈಹಾಕುವುದಾದರೆ ಅವರಿಗಾಗಿ ಹೇಳುತ್ತೇನೆ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಸೇರಿಸುವ ಮುನ್ನ ಒಂದು ಮೂಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿಯ ಚಿಂದಿಯ ನಡುವೆ ಇಟ್ಟು ಅದುಮಬೇಕು. ಚಿಂದಿ ಬಿಳಿಯಾಗಿಯೇ ಉಳಿದರೆ ಆ ಬಟ್ಟೆ ಯೋಗ್ಯ. ಇಲ್ಲವಾದರೆ ಬಣ್ಣ ಬಿಡುವುದು ನಿಲ್ಲುವವರೆಗೆ ಅದನ್ನು ಬೇರೆಯಾಗಿಯೇ ಒಗೆಯುತ್ತಿರಬೇಕು. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುವುದೆಂಬ ನಂಬಿಕೆ ಮನೆಮನೆಯಲ್ಲಿದೆ, ನಾವೂ ಅದ್ದಿದೆವು. ಉಪ್ಪು ಖರ್ಚಾಯಿತು.

ಕೌದಿ ಹಿರಿಯರ ಕೆಲಸವಾದರೆ ಹುಡುಗಿ ತನ್ನ ಕೈಯಿಂದ ಮಾಡಲು ಹೊರಟದ್ದು ಅಂತರಪಟ. ಮುಹೂರ್ತದ ಗಳಿಗೆಯವರೆಗೆ ವಧೂವರರ ನಡುವೆ ಹಿಡಿಯುವ ಬಿಳಿಯ ವಸ್ತ್ರ. ಸಾಮಾನ್ಯವಾಗಿ ಅದರ ಮೇಲೆ ಕುಂಕುಮದಿಂದ ಒಂದು ಸ್ವಸ್ತಿಕ ಬರೆದು ಮುಗಿಸುತ್ತಾರೆ. ಇವಳು ಅದಕ್ಕೆ ಕಸೂತಿ ಹಾಕುತ್ತೇನೆಂದಳು. ಧಾರವಾಡದ ಕಸೂತಿಗೆ ಈಗ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ. ಹಿಂದೆ ಅದು ಈ ಸೀಮೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಸೀರೆಯ ಸೆರಗಿನಿಂದ ಎಳೆದ ರೇಷ್ಮೆಯ ನೂಲಿನಿಂದಲೇ ಕಲಿಯುತ್ತಿದ್ದ ವಿದ್ಯೆ. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ತೊಟ್ಟಿಲು ಇವು ಅದರ ಚಿತ್ರಗಳು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೀಚಿಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ.

ಇವುಗಳಲ್ಲಿ ಗವಂತಿಯ ನಡೆ ಅತ್ಯಂತ ಸ್ವಾರಸ್ಯವಾದುದು. ಸೂಜಿ ಹೋಗುವಾಗ ಒಂದು ಮನೆ ತುಂಬಿ ಒಂದು ಮನೆ ಬಿಡುತ್ತದೆ; ಚಿತ್ರದ ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತದೆ. ಹೋಗುವಾಗ ಮೇಲೆ ಬಿದ್ದ ದಾರ ಬರುವಾಗ ಕೆಳಗೆ, ಕೆಳಗಿದ್ದುದು ಮೇಲೆ. ಹೀಗಾಗಿ ಬಟ್ಟೆಯ ಎರಡೂ ಮುಖಗಳಲ್ಲಿ ಒಂದೇ ಚಿತ್ರ ಮೂಡುತ್ತದೆ. ಇದು ಸಾಧ್ಯವಾಗಬೇಕಾದರೆ ಪ್ರತಿಯೊಂದು ಗೆರೆಯ ಮೇಲೂ ಸರಿಯಾಗಿ ಎರಡು ಸಲ ನಡೆದು ಹೊರಟಲ್ಲಿಗೇ ಬಂದು ಸೇರಬೇಕು. ಒಂದಕ್ಕೊಂದು ಕೂಡಿಕೊಂಡಿರುವ ಯಾವುದೇ ಗೆರೆಯ ಚಿತ್ರದಲ್ಲಿ ಇಂಥ ನಡಿಗೆ ಸಾಧ್ಯವೆಂದು ಗಣಿತಶಾಸ್ತ್ರ ಸಾಧಿಸುತ್ತದೆ. ಆಯ್ಲರನು 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿ ಅಡಿಪಾಯ ಹಾಕಿದ ಶಾಸ್ತ್ರ ಅದು. ನಮ್ಮ ಅಜ್ಜಿಯರು ಅದನ್ನು ಗೋಪುರದ ಕಳಸದವರೆಗೆ ಹೋಗಿ ಬರುವ ದಾರಿಯಾಗಿ ಬಲ್ಲವರಾಗಿದ್ದರು. ಯುರೋಪಿನಲ್ಲಿಯೂ ಇದೇ ಹೊಲಿಗೆ ಬಳಕೆಯಲ್ಲಿತ್ತು. ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನನು ಬರೆದ ಭಾವಚಿತ್ರಗಳಲ್ಲಿ ಕುಲೀನರ ಕೊರಳಪಟ್ಟಿಯ ಮೇಲೆ ಕಾಣುವುದರಿಂದ ಅಲ್ಲಿ ಅದಕ್ಕೆ ಅವನದೇ ಹೆಸರು.

ಹುಡುಗಿ ಮೂರು ವಾರ ಕಷ್ಟಪಟ್ಟು ಒಂದು ಗೋಪುರವನ್ನೂ ಎರಡು ನವಿಲನ್ನೂ ಮುಗಿಸಿ, ಊರಿನಿಂದ ಬಂದ ನಮ್ಮ ಚಿಕ್ಕಮ್ಮನಿಗೆ ತೋರಿಸಿದಳು. ಕಸೂತಿ ಬಲ್ಲವರು ಯಾರೂ ಮುಂಬದಿಯನ್ನು ಮೊದಲು ನೋಡುವುದಿಲ್ಲ. ಚಿಕ್ಕಮ್ಮ ಬಟ್ಟೆಯನ್ನು ತಿರುವಿ, ಕನ್ನಡಕ ಸರಿಪಡಿಸಿಕೊಂಡು, ಬೆರಳಿನ ತುದಿಯನ್ನು ಮೆಲ್ಲಗೆ ಓಡಿಸಿ, ಒಂದು ಕಡೆ ನಿಂತಳು. “ಇಲ್ಲೆ ಗಂಟು ಹಾಕೀ.” ಹುಡುಗಿ ತಲೆ ತಗ್ಗಿಸಿದಳು. “ಯಾರ್ ನೋಡ್ತಾರ ಅಜ್ಜೀ, ಹಿಂದ್ಲಬದಿ?” “ಹಿಂದ್ಲಬದಿ ನಿನಗ. ಅತ್ಲಾಗ ನಿಂತಾವಗ ಅದ ಮುಂದ್ಲಬದಿ.” ಅಂತರಪಟಕ್ಕೆ ಬೆನ್ನಿಲ್ಲ, ಎರಡೂ ಮುಖವೇ. ಗವಂತಿಯಂಥ ಹೊಲಿಗೆಗೆ ಅದಕ್ಕಿಂತ ಯೋಗ್ಯವಾದ ವಸ್ತ್ರ ಇನ್ನಾವುದೂ ಇರಲಾರದು. ಆದರೂ ಇದು ಆ ದಿನದವರೆಗೆ ನನಗೂ ಹೊಳೆದಿರಲಿಲ್ಲ. ಹುಡುಗಿ ಒಂದು ನವಿಲನ್ನು ಬಿಚ್ಚಿ ಮತ್ತೆ ಹೊಲಿದಳು.

ಹಳೆಯ ಕಾಲದಲ್ಲಿ ಈ ಸೀಮೆಯ ವಧುವಿಗೆ ಚಂದ್ರಕಾಳಿ ಸೀರೆಯನ್ನೂ ಕೊಡುತ್ತಿದ್ದರು: ಕಪ್ಪು ಒಡಲಿನ ಮೇಲೆ ಬಣ್ಣಬಣ್ಣದ ಕಸೂತಿ. ಶುಭಕಾರ್ಯದಲ್ಲಿ ಕಪ್ಪು ವರ್ಜ್ಯವೆನ್ನುವ ಜನ ಕಸೂತಿಯ ಕೈಗೆ ಸೋತು ಕಪ್ಪನ್ನು ಒಳಕ್ಕೆ ಬಿಟ್ಟುಕೊಂಡರು. ಉಳಿದ ಸಣ್ಣಪುಟ್ಟ ಹೊಲಿಗೆಗಳಲ್ಲಿ, ಮದುವೆಯ ಉಡುಗೊರೆಗಳ ಸಾಲಾದ ರುಖವತದಲ್ಲಿ ಇಡುವ ಆರತಿತಟ್ಟೆಯ ಮುಸುಕು, ಮಣಿಯ ತೋರಣ ಮೊದಲಾದುವನ್ನು ಇಲ್ಲಿ ಬಿಡುತ್ತೇನೆ. ಎಲೆಯಡಿಕೆಯ ಸಂಚಿಯನ್ನು ಮಾತ್ರ ಬಿಡಲಾರೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಲವಂಗ ಯಾಲಕ್ಕಿಗೊಂದು ಎಂದು ಮನೆಯೊಳಗೆ ಮನೆಯಾಗಿ ಹೊಲಿದು, ದಾರ ಎಳೆದರೆ ಬಾಯಿ ಮುಚ್ಚುವ ಈ ಚೀಲ ಎಂದೋ ಬೀಗರಿಗೆ ಕೊಡುವ ಉಡುಗೊರೆಯಾಗಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಕವಯಿತ್ರಿಯಾದ ಮೇಲೂ ಸಾಹಿತ್ಯಚರಿತ್ರೆಯಲ್ಲಿ ಸಂಚಿ ಹೊನ್ನಮ್ಮನಾಗಿಯೇ ಉಳಿದಿದ್ದಾಳೆ, ಒಂದು ಹೊಲಿದ ಚೀಲಕ್ಕೆ ಇದಕ್ಕಿಂತ ಹೆಚ್ಚಿನ ಕೀರ್ತಿ ಯಾವ ಭಾಷೆಯಲ್ಲಿಯೂ ದೊರೆತಿರಲಾರದು. ನಮ್ಮ ಹುಡುಗಿ ಖಣದ ಚೂರುಗಳಿಂದ ಅಂಥದೊಂದನ್ನು ಅತ್ತೆಗಾಗಿ ಹೊಲಿದಳು. ಆಕೆ ಎಲೆಯಡಿಕೆ ತಿನ್ನುವವರಲ್ಲ. ಮಾತ್ರೆಗಳನ್ನು ಹೊತ್ತಿಗೊಂದು ಅರೆಯಂತೆ ಹಾಕಿಕೊಂಡಿದ್ದಾರೆಂದು ಕೇಳಿದ್ದೇನೆ.

ಮದುವೆಯ ದಿನ ಹುಡುಗಿಯನ್ನು ಮಂಟಪಕ್ಕೆ ಕರೆತಂದು, ಅಂತರಪಟದ ಈಚೆ ಅವಳ ಬೆನ್ನ ಹಿಂದೆ ನಾನು ನಿಂತೆ. ಮಂಗಲಾಷ್ಟಕ ನಡೆಯುತ್ತಿತ್ತು. ಎದುರಿಗೆ ಕೈಯಳತೆಯಲ್ಲಿ ಗೋಪುರ, ನವಿಲು. ಬಿಚ್ಚಿ ಹೊಲಿದ ನವಿಲು ಯಾವುದೆಂದು ಹುಡುಕಿದೆ; ಎರಡರಲ್ಲಿಯೂ ಭೇದ ಕಾಣಲಿಲ್ಲ. ಅಷ್ಟರಲ್ಲಿ ವಸ್ತ್ರವನ್ನು ಕೆಳಕ್ಕೆ ಎಳೆದುಬಿಟ್ಟರು.

ನಾಲ್ಕು ದಿನಗಳ ಮೇಲೆ ದಂಪತಿಗಳು ಐರ್ಲೆಂಡಿಗೆ ಹೊರಟರು; ಹುಡುಗನಿಗೆ ಅಲ್ಲಿ ಉದ್ಯೋಗ. ವಿಮಾನದವರು ಒಂದು ಪೆಟ್ಟಿಗೆಗೆ 23 ಕಿಲೋ ಎಂದು ಕಟ್ಟು ಹಾಕಿದ್ದಾರಷ್ಟೆ. ಕೊಕ್ಕೆ ತಕ್ಕಡಿಗೆ ತೂಗಿಸಿದಾಗ ಹುಡುಗಿಯ ಪೆಟ್ಟಿಗೆ ಇಪ್ಪತ್ತೈದೂವರೆ ಕಿಲೋ ತೋರಿಸಿತು. ಅದರಲ್ಲಿ ಕೌದಿಯದೇ ಮೂರು ಕಿಲೋ. ಅದನ್ನು ತೆಗೆದರೆ ಎಲ್ಲವೂ ಸರಿಹೋಗುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತ ನಿಂತರು, ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ಮಂಡಿಯೂರಿ ಪೆಟ್ಟಿಗೆಯನ್ನು ಬಿಚ್ಚಿ, ಒಂದು ಜೋಡು ಬೂಟು, ಸ್ಟೀಲಿನ ಒಂದು ಡಬ್ಬಿ, ಆಮೇಲೆ ಸ್ವಲ್ಪ ಯೋಚಿಸಿ, ನಾನು ಆಶೀರ್ವಾದಪೂರ್ವಕ ಸಹಿ ಮಾಡಿ ಕೊಟ್ಟಿದ್ದ ನನ್ನ ಪ್ರಬಂಧಗಳ ಎರಡು ದಪ್ಪ ಸಂಪುಟಗಳನ್ನು ಹೊರಗಿಟ್ಟಳು. “ಮಾಮಾ, ಸಿಟ್ಟಾಗಬ್ಯಾಡ್ರಿ” ಎಂದಳು. ತಕ್ಕಡಿ ಇಪ್ಪತ್ತಮೂರಕ್ಕೆ ನಿಂತಿತು. ಸಂಪುಟಗಳು ಈಗ ತಂಗಿಯ ಮನೆಯ ಅಟ್ಟದಲ್ಲಿ, ಕೌದಿಯ ಗಂಟು ತೆರವು ಮಾಡಿದ ಟ್ರಂಕಿನಲ್ಲಿ, ಬೇವಿನೆಲೆಯ ನಡುವೆ ಇವೆ.